ಅಪ್ಪಯ್ಯನಿಗೆ, ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕುರಿತು

ಲೀಡ್ಸ್, ಇಂಗ್ಲೆಂಡ್

ತೀರ್ಥರೂಪರಾದ ಅಪ್ಪಯ್ಯನವರಿಗೆ ಮಗಳ ಸಾಷ್ಟಾಂಗ ನಮಸ್ಕಾರಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ಪಕ್ಕದ ಮನೆಯವರಿಗೆ ಲಕ್ವ ಹೊಡೆದಾಗ ಆಸ್ಪತ್ರೆಯವರು ಇಂಜೆಕ್ಷನ್ ಕೊಡಲು ಸಹಿ ಕೇಳಿದರೆಂದೂ, ಕಾಗದದಲ್ಲಿ ರಕ್ತಸ್ರಾವದ ಮಾತನ್ನು ಓದಿ ಮನೆಯವರು ಹಿಂಜರಿದರೆಂದೂ ಅಮ್ಮ ಫೋನಿನಲ್ಲಿ ಹೇಳಿದಳು. ನಾನು ದಿನವೂ ಇಂಥ ರೋಗಿಗಳ ವಾರ್ಡಿನಲ್ಲಿಯೇ ಕೆಲಸ ಮಾಡುವುದರಿಂದ, ನಿಮಗೆ ಬಿ.ಪಿ. ಇರುವುದರಿಂದ ಮತ್ತು ದೊಡ್ಡಪ್ಪನಿಗೆ ಆಂಜಿಯೋಗ್ರಾಮ್ ಆಗಬೇಕಿರುವುದರಿಂದ ಈ ವಿಷಯವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಲಕ್ವ ಎರಡು ಬಗೆಯಿಂದ ಬರುತ್ತದೆ. ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ನಿಲ್ಲುವುದು ಒಂದು, ನಾಳವೇ ಒಡೆದು ಒಳಗೆ ರಕ್ತ ಸುರಿಯುವುದು ಇನ್ನೊಂದು. ಬಾಯಿ ಒಂದು ಕಡೆಗೆ ವಾಲುವುದು, ಕೈ ಬಲ ಕಳೆದುಕೊಳ್ಳುವುದು, ಮಾತು ತೊದಲುವುದು ಎರಡರಲ್ಲೂ ಒಂದೇ ರೀತಿ ಕಾಣುವುದರಿಂದ, ಸಿ.ಟಿ. ಸ್ಕ್ಯಾನ್ ಮಾಡದೆ ಯಾವ ವೈದ್ಯರೂ ಇದನ್ನು ಖಚಿತವಾಗಿ ಬೇರ್ಪಡಿಸಿ ಹೇಳಲಾರರು. ಮೊದಲನೆಯದಕ್ಕೆ ಹೆಪ್ಪು ಕರಗಿಸುವ ಔಷಧವೇ ಮದ್ದು, ಎರಡನೆಯದಕ್ಕೆ ಅದೇ ಔಷಧ ಪ್ರಾಣಾಪಾಯ. ಆದ್ದರಿಂದ ಲಕ್ವವೆಂಬ ಅನುಮಾನವಿದ್ದಾಗ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಆಸ್ಪಿರಿನ್ ಮಾತ್ರೆಯನ್ನೂ ಮನೆಯಲ್ಲಿ ಕೊಡಬಾರದು. ನುಂಗುವ ಶಕ್ತಿ ಕುಂದಿರಬಹುದಾದ್ದರಿಂದ ನೀರು, ಕಷಾಯಗಳನ್ನೂ ಕುಡಿಸಬಾರದು.

ಹೆಪ್ಪು ಕರಗಿಸುವ ಈ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಫಲ ಹೆಚ್ಚು. ಬೆಳಿಗ್ಗೆ ಏಳುವಾಗಲೇ ಕೈ ಬಿದ್ದುಹೋಗಿದ್ದರೆ, ಹಿಂದಿನ ರಾತ್ರಿ ಕೊನೆಯದಾಗಿ ಸರಿಯಾಗಿದ್ದ ಹೊತ್ತಿನಿಂದಲೇ ಲೆಕ್ಕ ಹಿಡಿಯುತ್ತಾರೆ. ವೈದ್ಯರು ನಿಮ್ಮನ್ನು ಮೊದಲು ಕೇಳುವುದು ಆ ಗಂಟೆಯನ್ನೇ, ಅದನ್ನು ನೆನಪಿಟ್ಟುಕೊಳ್ಳಿ. ನಮ್ಮೂರಿನಿಂದ ತೀರ್ಥಹಳ್ಳಿಗೆ ಇಳಿದು, ಅಲ್ಲಿಂದ ಸುಮಾರು 60 ಕಿ.ಮೀ. ದೂರದ ಶಿವಮೊಗ್ಗ ಸೇರುವಷ್ಟರಲ್ಲಿ, ಮಳೆಗಾಲದಲ್ಲಂತೂ, ಬಹಳ ಹೊತ್ತು ಕರಗಿಹೋಗುತ್ತದೆ. ಬೆಳಗಾಗಲಿ ನೋಡೋಣ ಎಂದೋ, ಎಣ್ಣೆ ತಿಕ್ಕಿದರೆ ಸರಿಹೋದೀತು ಎಂದೋ ಕಾಯುವುದು ಬೇಡ. 108ಕ್ಕೆ ಕರೆ ಮಾಡುವಾಗಲೇ ಲಕ್ವವೆಂದು ಹೇಳಿ, ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಬೇಕು.

ಎದೆನೋವಿನ ವಿಚಾರ ಬೇರೆ. ಹೃದಯಾಘಾತದಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇಸಿಜಿ ಸಾಕು, ಸ್ಕ್ಯಾನಿಗಾಗಿ ಓಡಬೇಕಿಲ್ಲ. 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಟೆನೆಕ್ಟೆಪ್ಲೇಸ್ ಎಂಬ ಆ ಇಂಜೆಕ್ಷನ್ ಉಚಿತವಾಗಿ ದೊರೆಯುತ್ತದೆ, ಆದ್ದರಿಂದ ಅಲ್ಲಿ ಹತ್ತಿರದ ಆಸ್ಪತ್ರೆಯೇ ಮೊದಲು. ಹಳೆಯ ಔಷಧವಾದ ಸ್ಟ್ರೆಪ್ಟೊಕೈನೇಸ್ ಒಮ್ಮೆ ಪಡೆದವರಿಗೆ ಅದನ್ನೇ ಮತ್ತೆ ಕೊಡುವುದಿಲ್ಲ, ಏಕೆಂದರೆ ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ಬೆಳೆಸಿಕೊಂಡಿರುತ್ತದೆ. ಹೀಗಾಗಿ ಡಿಸ್ಚಾರ್ಜ್ ಚೀಟಿಯನ್ನು ಎಂದಿಗೂ ಎಸೆಯಬಾರದು.

ಇನ್ನು ಲಕ್ವದ ಇಂಜೆಕ್ಷನ್ನಿಗೆ ಸಹಿ ಹಾಕುವ ಮಾತು. ಕಾಗದದಲ್ಲಿ ಬರೆದಿರುವ ಅಪಾಯ ನಿಜವಾದದ್ದೇ. 1995ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಮುಖ ಅಧ್ಯಯನದಲ್ಲಿ ಔಷಧ ಪಡೆದ 100 ಮಂದಿಯಲ್ಲಿ ಸುಮಾರು 6 ಮಂದಿಗೆ ಮಿದುಳಿನೊಳಗೆ ತೊಂದರೆ ಕೊಡುವ ರಕ್ತಸ್ರಾವವಾಯಿತು. ಆದರೂ ಮೂರು ತಿಂಗಳ ನಂತರ ನೋಡಿದಾಗ, ಔಷಧ ಪಡೆದವರಲ್ಲಿ ಸಾವು ಹೆಚ್ಚಿರಲಿಲ್ಲ, ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಸ್ಥಿತಿಗೆ ಮರಳಿದವರು ಮಾತ್ರ ಹೆಚ್ಚಿದ್ದರು. ಇತ್ತೀಚೆಗೆ ದೊಡ್ಡ ಶಸ್ತ್ರಚಿಕಿತ್ಸೆ ಅಥವಾ ತಲೆಗೆ ಪೆಟ್ಟು ಆಗಿದ್ದರೆ, ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರೆ, ಬಿ.ಪಿ. 185/110ಕ್ಕಿಂತ ಮೇಲಿದ್ದು ಇಳಿಯದಿದ್ದರೆ ಔಷಧವನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಆ ನಿರಾಕರಣೆಯೂ ರೋಗಿಯ ಹಿತಕ್ಕಾಗಿಯೇ. ನನ್ನ ಅಭಿಪ್ರಾಯವನ್ನು ಕೇಳಿದರೆ, ವೈದ್ಯರು ಅರ್ಹರೆಂದು ಹೇಳಿದ ರೋಗಿಯ ಮನೆಯವರು ಪ್ರಶ್ನೆಗಳನ್ನು ಕೇಳಿ ಮುಗಿಸಿ, ತಡಮಾಡದೆ ಸಹಿ ಹಾಕಬೇಕು.

ದೊಡ್ಡಪ್ಪನಿಗೆ ಇಷ್ಟು ಹೇಳಿ. ಆಂಜಿಯೋಗ್ರಾಮ್‌ನಲ್ಲಿ ಮಣಿಕಟ್ಟಿನಿಂದಲೋ ತೊಡೆಸಂದಿನಿಂದಲೋ ಸಣ್ಣ ನಳಿಕೆ ತೂರಿಸಿ, ಎಕ್ಸ್-ರೇಯಲ್ಲಿ ಕಾಣುವ ದ್ರವ ಬಿಟ್ಟು ಹೃದಯದ ನಾಳಗಳನ್ನು ನೋಡುತ್ತಾರೆ. ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಇರುವುದಿಲ್ಲ. ಮೂತ್ರಪಿಂಡದ ತೊಂದರೆ, ಔಷಧದ ಅಲರ್ಜಿ ಮತ್ತು ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯ ವಿಷಯವನ್ನು ಮೊದಲೇ ತಿಳಿಸಬೇಕು, ಯಾವ ಮಾತ್ರೆಯನ್ನೂ ತಾನಾಗಿ ನಿಲ್ಲಿಸಬಾರದು.

ನಿಮ್ಮ ಮತ್ತು ದೊಡ್ಡಪ್ಪನ ಮಾತ್ರೆಗಳ ಹೆಸರು, ಪ್ರಮಾಣಗಳನ್ನು ತಮ್ಮನಿಂದ ಒಂದು ಹಾಳೆಯಲ್ಲಿ ಬರೆಸಿ ಜೇಬಿನಲ್ಲಿಟ್ಟುಕೊಳ್ಳಿ, ಅದರ ಫೋಟೊವನ್ನು ನನಗೂ ಕಳಿಸಲು ಹೇಳಿ. ಆಂಜಿಯೋಗ್ರಾಮ್ ದಿನ ಗೊತ್ತಾದೊಡನೆ ತಿಳಿಸಿದರೆ ಅಂದು ಡ್ಯೂಟಿ ಬದಲಿಸಿಕೊಂಡು ಫೋನಿಗೆ ಸಿಗುತ್ತೇನೆ. ಅಮ್ಮನಿಗೆ ನಮಸ್ಕಾರಗಳು.

ಇತಿ ನಿಮ್ಮ ಮಗಳು