ಗೂಟ ಕಟ್ಟಿದ ಸಸಿಗೆ ಬಿಚ್ಚುವವರೂ ಬೇಕು

ಮಾನ್ಯ ಸಂಪಾದಕರೇ,

ಕಲಬುರಗಿಯ ಬಡಾವಣೆಗಳಲ್ಲೂ ರಸ್ತೆ ಬದಿಗಳಲ್ಲೂ ನೆಟ್ಟ ಬೇವು, ಹೊಂಗೆ ಸಸಿಗಳಿಗೆ ಗೂಟ ಕಟ್ಟುವ ರೀತಿ ಬದಲಾಗಬೇಕಿದೆ. ಬಹಳ ಕಡೆ ಒಂದೇ ಬಿದಿರು ಗಳವನ್ನು ಕಾಂಡಕ್ಕೆ ಒತ್ತಿ ನಿಲ್ಲಿಸಿ, ಬುಡದಿಂದ ತುದಿಯವರೆಗೆ ಪ್ಲಾಸ್ಟಿಕ್ ಹಗ್ಗದಿಂದ ಬಿಗಿಯುತ್ತಾರೆ. ಗಾಳಿಗೆ ತೂಗದ ಕಾಂಡ ಬುಡದಲ್ಲಿ ದಪ್ಪವಾಗುವುದಿಲ್ಲ. ಗಳ ತೆಗೆದ ದಿನ ಅಂಥ ಸಸಿ ಬಾಗಿಬಿಡುತ್ತದೆ.

ನೆಡುವಾಗ ನರ್ಸರಿಯ ಕಡ್ಡಿ ಬಿಚ್ಚಿ ನೋಡಿ. ತಾನೇ ನಿಂತರೆ ಗೂಟ ಬೇಡವೇ ಬೇಡ. ಬಾಗಿದರೆ 5 ಅಡಿಯ ಎರಡು ಗೂಟ ಸಾಕು. ಮುಂಗಾರಿನ ಗಾಳಿ ನಮ್ಮಲ್ಲಿ ಪಡುವಣದಿಂದ, ನೈಋತ್ಯದಿಂದ ಬೀಸುವುದರಿಂದ ಗೂಟಗಳು ಸಸಿಯ ಉತ್ತರಕ್ಕೊಂದು, ದಕ್ಷಿಣಕ್ಕೊಂದು ಇರಲಿ. ಆಗ ಕಾಂಡ ಗೂಟಕ್ಕೆ ಉಜ್ಜುವುದಿಲ್ಲ. ಕಾಂಡದಿಂದ ಸುಮಾರು 1 ಅಡಿ ದೂರದಲ್ಲಿ, ಬೇರಿನ ಮುದ್ದೆಗೆ ತಾಗದಂತೆ, 2 ಅಡಿ ಆಳಕ್ಕೆ ಹೊಡೆಯಬೇಕು. ಬೀದರಿನ ಕೆಂಪು ಕಲ್ಲು ನೆಲವಾದರೆ ಮೊದಲು ಹಾರೆಯಿಂದ ಕುಳಿ ಮಾಡಿಕೊಳ್ಳಿ.

ಕಟ್ಟು ಎಷ್ಟು ಎತ್ತರದಲ್ಲಿರಬೇಕು? ಕಾಂಡವನ್ನು ಬೆರಳಲ್ಲಿ ಹಿಡಿದು ಕೈಯನ್ನು ಕೆಳಗಿನಿಂದ ಮೇಲಕ್ಕೆ ಸರಿಸುತ್ತ ಹೋಗಿ. ತುದಿ ನೆಟ್ಟಗಾಗುವ ಮೊದಲ ಜಾಗಕ್ಕಿಂತ ಒಂದು ಗೇಣು ಮೇಲೆ ಕಟ್ಟಿ. 6 ಅಡಿಯ ಸಸಿಗೆ ಅದು ಸಾಮಾನ್ಯವಾಗಿ 3 ಅಡಿ ದಾಟುವುದಿಲ್ಲ. ಸೈಕಲ್ಲಿನ ಹಳೆ ಟ್ಯೂಬನ್ನು ಅಂಗುಲ ಅಗಲಕ್ಕೆ ಸೀಳಿ, ಕಾಂಡಕ್ಕೂ ಗೂಟಕ್ಕೂ ನಡುವೆ ಎಂಟರ ಆಕಾರದಲ್ಲಿ ಸಡಿಲವಾಗಿ ಸುತ್ತಿದರೆ ತುದಿ ತೂಗಾಡುತ್ತದೆ, ಬುಡ ಅಲುಗದು. ತಂತಿಯನ್ನಂತೂ ಬಳಸಲೇಬೇಡಿ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಕಾಂಡ ದಪ್ಪವಾದಂತೆ ತಂತಿ ಅದನ್ನೇ ಕೊರೆಯುತ್ತದೆ, ಮೇಲ್ಭಾಗ ಊದಿಕೊಳ್ಳುತ್ತದೆ, ಬೇರು ಹಸಿದು ಸೊರಗುತ್ತದೆ, ಮುಂದೆ ಗಾಳಿಗೆ ಮರ ಮುರಿಯುವುದೂ ಅದೇ ಜಾಗದಲ್ಲಿ.

ನಮ್ಮ ಎರೆ ಮಣ್ಣಿನ ಕಷ್ಟವೇ ಬೇರೆ. ಮಳೆಯಲ್ಲಿ ಅದು ಉಬ್ಬಿ ಮೆತ್ತಗಾದಾಗ ಅಲುಗಿದ ಬುಡದ ಸುತ್ತ ಆಲಿಕೆಯಂಥ ಗುಂಡಿ ಬಿದ್ದು ನೀರು ನಿಲ್ಲುತ್ತದೆ; ಬೇಸಿಗೆಯಲ್ಲಿ ಅಲ್ಲೇ ಬಿರುಕು ಬಿಟ್ಟು ಬೇರು ಒಣಗುತ್ತದೆ. ಇದಕ್ಕೆ ಇನ್ನೊಂದು ಕಟ್ಟು ಹಾಕುವುದು ಮದ್ದಲ್ಲ. ನೀರು ಬಸಿದ ಮೇಲೆ ಸಡಿಲ ಮಣ್ಣು ತುಂಬಿ ಕಾಲಿನಿಂದ ಹಗುರಾಗಿ ತುಳಿಯಬೇಕು, ಬೇಸಿಗೆಗೆ ಮುನ್ನ ಒಣ ಎಲೆ, ಹುಲ್ಲು ಹೊದಿಸಬೇಕು.

ಬಿದಿರಿಗೆ ಗೆದ್ದಲು ಹತ್ತುತ್ತದೆ, ಆದ್ದರಿಂದ ಗೂಟದ ಬುಡಕ್ಕೆ ಡಾಂಬರು ಬಳಿಯುವುದು ಒಳ್ಳೆಯದು. ಮೂರು ತಿಂಗಳಿಗೊಮ್ಮೆ ಕಟ್ಟು ಸಡಿಲಿಸಿ. ವರ್ಷವಾದ ಮೇಲೆ ಬಿಚ್ಚಿ ನೋಡಿ, ನಿಂತರೆ ಗೂಟ ಕಿತ್ತುಬಿಡಿ. ಆಗಲೂ ಬುಡಸಮೇತ ವಾಲಿದರೆ ಪಾಲಿಥಿನ್ ಚೀಲದಲ್ಲಿ ಸುತ್ತಿಕೊಂಡ ಬೇರನ್ನು ಬಿಡಿಸದೆ ನೆಟ್ಟಿರುವ ಸಾಧ್ಯತೆ ಹೆಚ್ಚು. ಅದನ್ನು ಗೂಟ ಸರಿಪಡಿಸಲಾರದು, ಹೊಸ ಸಸಿ ನೆಡುವುದೇ ಲೇಸು. ಕಬ್ಬಿಣದ ಗಾರ್ಡ್ ಇರುವುದು ದನ, ಆಡುಗಳಿಂದ ಕಾಯಲು. ಸಸಿಯನ್ನು ಅದಕ್ಕೆ ಕಟ್ಟಬಾರದು.

ನೆಡಿಸುವ ಇಲಾಖೆಗಳಿಗೂ ಸಂಘಸಂಸ್ಥೆಗಳಿಗೂ ನನ್ನ ಕೋರಿಕೆ ಇಷ್ಟೆ: ಕಟ್ಟು ಸಡಿಲಿಸುವ, ಬಿಚ್ಚುವ ಕೂಲಿಯನ್ನು ನೆಡುವ ಗುತ್ತಿಗೆಯಲ್ಲೇ ಸೇರಿಸಿ, ಕೊನೆಯ ಕಂತಿನ ಹಣವನ್ನು ಆ ಕೆಲಸ ಮುಗಿದ ಮೇಲೆ ಕೊಡಿ.

– ಓದುಗರೊಬ್ಬರು, ಕಲಬುರಗಿ