ಗೋಳಗುಮ್ಮಟದಿಂದ ಇಬ್ರಾಹಿಂ ರೋಜಾಕ್ಕೆ ನಡಿಗೆದಾರಿ ಬೇಕು

ಮಾನ್ಯ ಸಂಪಾದಕರೇ,

ಮಗಳು ಉದ್ಯೋಗದ ನಿಮಿತ್ತ ಮೆಕ್ಸಿಕೊದಲ್ಲಿ ನೆಲೆಸಿರುವುದರಿಂದ ಈ ವರ್ಷ ಅಲ್ಲಿಗೆ ಹೋಗಿದ್ದ ನಾನು ಗ್ವಾನಾಹುವಾತೊ ಎಂಬ ಹಳೆಯ ಬೆಳ್ಳಿಗಣಿಯ ಊರಿನಲ್ಲಿ ಮೂರು ದಿನ ತಂಗಿದ್ದೆ. ಸ್ಪೇನಿನವರ ಆಳ್ವಿಕೆಯಲ್ಲಿ ಬೆಳೆದು, 1988ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಊರಿನಲ್ಲಿ ಅಡ್ಡಾಡಿದಷ್ಟು ಹೊತ್ತೂ ನನಗೆ ನೆನಪಾಗುತ್ತಿದ್ದುದು ನಮ್ಮ ವಿಜಯಪುರ.

ಅಲ್ಲಿ ಪ್ರವಾಸವೆಂದರೆ ನಡೆಯುವುದೇ. ಊರ ನಡುವೆ ಹರಿಯುತ್ತಿದ್ದ ನದಿ ಮತ್ತೆ ಮತ್ತೆ ಉಕ್ಕಿ ಮನೆಗಳಿಗೆ ನುಗ್ಗುತ್ತಿದ್ದುದರಿಂದ ಅದರ ನೀರನ್ನು ಬೇರೆ ಸುರಂಗಕ್ಕೆ ತಿರುಗಿಸಿದರು; ಕಲ್ಲಿನ ಕಮಾನುಗಳ ಕೆಳಗೆ ಬರಿದಾಗಿ ಉಳಿದ ಹಳೆಯ ಪಾತ್ರವನ್ನು 20ನೆಯ ಶತಮಾನದಲ್ಲಿ ವಾಹನಗಳ ರಸ್ತೆಯಾಗಿ ಮಾಡಿಕೊಂಡರು. ಹೀಗಾಗಿ ಗಾಡಿಗಳ ಗದ್ದಲದ ಬಹುಭಾಗ ನೆಲದಡಿಗೆ ಹೋಗಿ, ಮೇಲಿನ ಮೆಟ್ಟಿಲೋಣಿಗಳು ಮತ್ತು ಚೌಕಗಳು ನಡೆಯುವವರಿಗೆ ಉಳಿದಿವೆ. ಚಿತ್ರಕಾರ ದಿಯೆಗೊ ರಿವೇರಾ 1886ರಲ್ಲಿ ಹುಟ್ಟಿದ ಮನೆ ಈಗ ವಸ್ತುಸಂಗ್ರಹಾಲಯ. ಅಲ್ಲಿಂದ ತುಸು ನಡೆದರೆ ಸಿಗುವುದು ಧಾನ್ಯದ ದೊಡ್ಡ ಕಣಜ. 1810ರಲ್ಲಿ ಸ್ಪೇನಿನ ಆಳ್ವಿಕೆಯ ವಿರುದ್ಧ ದಂಗೆಯೆದ್ದ ಪಾದ್ರಿ ಹಿದಾಲ್ಗೊನ ನೇತೃತ್ವದ ಬಂಡುಕೋರರು ಅದನ್ನು ವಶಪಡಿಸಿಕೊಂಡರು. ಮರುವರ್ಷ ಅವನ ಮತ್ತು ಮೂವರು ಸಂಗಾತಿಗಳ ರುಂಡಗಳನ್ನು ಅದೇ ಕಟ್ಟಡದ ನಾಲ್ಕು ಮೂಲೆಗಳಲ್ಲಿ ತೂಗುಹಾಕಲಾಯಿತು, 1821ರವರೆಗೂ ಅವು ಅಲ್ಲೇ ಇದ್ದವು. ಆ ಮೂಲೆಯ ಕೆಳಗೆ ಶಾಲಾಮಕ್ಕಳು ಸಾಲಾಗಿ ನಿಂತು ಶಿಕ್ಷಕಿಯ ಮಾತಿಗೆ ಕಿವಿಗೊಟ್ಟಿದ್ದ ದೃಶ್ಯವನ್ನು ನಾನು ಮರೆಯಲಾರೆ.

ನಮ್ಮಲ್ಲಿಗೆ ಬರುವ ಪ್ರವಾಸಿಗರಲ್ಲಿ ಎಷ್ಟೋ ಜನ ಗೋಳಗುಮ್ಮಟ ಹತ್ತಿ, ಪಿಸುಮಾತಿನ ಗ್ಯಾಲರಿಯಲ್ಲಿ ಕೂಗಿ, ವಾಹನದಲ್ಲಿ ಇಬ್ರಾಹಿಂ ರೋಜಾ ಮುಗಿಸಿಕೊಂಡು ಸಂಜೆಯೊಳಗೆ ಬಾದಾಮಿಗೋ ಸೋಲಾಪುರಕ್ಕೋ ಹೊರಟುಬಿಡುತ್ತಾರೆ. ಊರಿನ ಪೂರ್ವ ತುದಿಯಿಂದ ಪಶ್ಚಿಮದ ಕೋಟೆಯಾಚೆಗೆ ಹೋಗುವ ಈ ದಾರಿಯಲ್ಲೇ ಜಾಮಿಯಾ ಮಸೀದಿ, ಮೆಹತರ್ ಮಹಲ್, ಆಸಾರ್ ಮಹಲ್, ಗಗನ ಮಹಲ್, ಬಾರಾಕಮಾನ್, ಉಪ್ಲಿ ಬುರುಜು, ಮಲಿಕ್-ಎ-ಮೈದಾನ್ ತೋಪು, 1620ರ ತಾಜ್ ಬಾವಡಿ ಇವೆ. ಕಳೆದ ತಿಂಗಳು ಬೀಗರ ಕುಟುಂಬವನ್ನು ಈ ದಾರಿಯಲ್ಲಿ ನಡೆಸಿಕೊಂಡು ಹೋದೆ. ಒಂದು ಸ್ಮಾರಕದಿಂದ ಇನ್ನೊಂದಕ್ಕೆ ಹೇಗೆ ಹೋಗಬೇಕೆಂದು ಹೇಳುವ ಫಲಕ ನಮಗೆ ಒಂದೂ ಕಾಣಲಿಲ್ಲ. ಪಾದಚಾರಿ ಮಾರ್ಗವಿದ್ದ ಕಡೆ ಬೈಕುಗಳು ನಿಂತಿದ್ದವು. ವಯಸ್ಸಾದ ಬೀಗತಿ ಅರ್ಧಕ್ಕೇ ಆಟೊ ಹತ್ತಿದರು.

ನನಗೆ ಹೆಚ್ಚು ನೋವಾಗುವುದು ನೀರಿನ ವಿಷಯದಲ್ಲಿ. ಗ್ವಾನಾಹುವಾತೊದವರು ತಮ್ಮ ನೆಲದಡಿಯ ಕಮಾನುಗಳನ್ನು ಹೆಮ್ಮೆಯಿಂದ ತೋರಿಸುತ್ತಾರೆ. ಬರದ ನಾಡಿನಲ್ಲಿ ತೊರವಿಯ ಕಡೆಯಿಂದ ಸುರಂಗದಲ್ಲಿ ನೀರು ತಂದು, ನಡುನಡುವೆ ಗಂಜ್ ಎಂಬ ಗೋಪುರಗಳನ್ನು ಕಟ್ಟಿ ಒತ್ತಡವನ್ನು ತಗ್ಗಿಸಿ, ಹೂಳು ಕೆಳಗೆ ಕೂರುವಂತೆ ಮಾಡಿದ ಆದಿಲಶಾಹಿಗಳ ಜಾಣ್ಮೆಯ ಬಗ್ಗೆ ನಮ್ಮ ಮಕ್ಕಳಲ್ಲಿ ಎಷ್ಟು ಜನರಿಗೆ ಗೊತ್ತಿದೆ? ಗಂಜ್‌ನ ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದ ಕಾಲೇಜು ಹುಡುಗರನ್ನು ಕೇಳಿದಾಗ, ಅದು ಕಾವಲು ಗೋಪುರವಿರಬೇಕು ಎಂದರು.

ನಾನು ಕೇಳುವುದು ಕೋಟಿಗಳ ಯೋಜನೆಯನ್ನಲ್ಲ. ಗೋಳಗುಮ್ಮಟದಿಂದ ಇಬ್ರಾಹಿಂ ರೋಜಾದವರೆಗೆ ಗುರುತು ಮಾಡಿದ ಒಂದು ನಡಿಗೆದಾರಿ, ತಿರುವಿಗೊಂದು ಕನ್ನಡ ಫಲಕ, ಅಲ್ಲಲ್ಲಿ ನೆರಳು ಮತ್ತು ಕುಡಿಯುವ ನೀರು, ಪ್ರತಿ ಗಂಜ್‌ನ ಮುಂದೆ ಅದರ ಕೆಲಸವನ್ನು ವಿವರಿಸುವ ಚಿತ್ರ ಇಷ್ಟಿದ್ದರೆ ಸಾಕು. ಸಂಬಂಧಪಟ್ಟ ಇಲಾಖೆಗಳು ಮೊದಲ ಹಂತವಾಗಿ ಬಾರಾಕಮಾನ್‌ವರೆಗಿನ ಭಾಗವನ್ನಾದರೂ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯೊಳಗೆ ಸಿದ್ಧಪಡಿಸಬೇಕೆಂದು ವಿನಂತಿಸುತ್ತೇನೆ.

— ನಿವೃತ್ತ ಶಿಕ್ಷಕ, ವಿಜಯಪುರ