ತೋಳಿಲ್ಲದ ಕೋಟು: ಗುಂಡನಿಗೊಂದು ಪತ್ರ

ಪ್ರೀತಿಯ ಗುಂಡ,

ಹಳೇ ಬಟ್ಟೆ ತಿದ್ದಿ ಹಾಕ್ಕೊಂಡ ನನ್ನ ಫೋಟೋ ನೋಡಿ, ಐನೂರು ರೂಪಾಯಿಯಲ್ಲಿ ಇಷ್ಟು ಚೆಂದಾಗಿ ಬಟ್ಟೆ ಹಾಕ್ಕೊಳ್ಳೋದು ಹೇಗೋ ಅಂತ ನೀನು ಎಲ್ಲರೆದುರು ಕೇಳಿದೆ. ಅದಕ್ಕೇ ಉತ್ತರಾನೂ ಎಲ್ಲರೆದುರೇ ಬರೀತಿದ್ದೀನಿ. ತಂಗಿ ಮದುವೆಗೆ ಹೊಸ ಬಟ್ಟೆ ತಗೊಳ್ಳಲ್ಲ ಅಂತ ಹಟ ಹಿಡಿದಿದ್ದೀಯಂತೆ, ನಿಮ್ಮಮ್ಮ ಫೋನಲ್ಲಿ ಅತ್ತೇಬಿಟ್ಟರು. ನಾನಿದ್ದೀನಿ ಅಂತ ಹೇಳು ಅವರಿಗೆ.

ಆ ಫೋಟೋದಲ್ಲಿ ನಾನು ಹಾಕಿರೋ ಬೂದು ಅಂಗಿ ಮೊದಲು ಬಿಳೀದು. ಭಾನುವಾರ ಬೆಳಗ್ಗೆ ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಕಡೆ ನಡೆದರೆ ಸಂಡೆ ಬಜಾರ್. ವಾರವೆಲ್ಲ ಗಿಜಿಗುಡೋ ಅಂಗಡಿಗಳು ಅವತ್ತು ಶಟರ್ ಎಳೆದಿರ್ತವೆ. ಅವುಗಳ ಮುಂದೆ ಟಾರ್ಪಾಲು ಹಾಸಿ ಹಳೇ ರೇಡಿಯೊ, ಸ್ಪ್ಯಾನರು, ಬೂಟು, ಬಟ್ಟೆ ಎಲ್ಲ ರಾಶಿ ಹಾಕಿರ್ತಾರೆ. ಅಲ್ಲಿ ಎರಡು ಅಂಗಿಗೆ 120, ಪ್ಯಾಂಟಿಗೆ 120 ಕೊಟ್ಟೆ. ಪೇಟೆ ಒಳಗೆ ಒಂದು ಡಜನ್ ಗುಂಡಿಗೆ 40, ದಾರಕ್ಕೆ 20, ಬಣ್ಣದ ಸಾಮಾನಿಗೆ 50, ಓಡಾಟಕ್ಕೆ 60. ಒಟ್ಟು 410. ನಮ್ಮಮ್ಮನ ಹೊಲಿಗೆ ಮಿಷನ್ನು ಮನೇಲಿದೆ, ಹೊಲಿಗೆಗೆ ದುಡ್ಡಿಲ್ಲ.

ಬಣ್ಣದ ಸಾಮಾನು ಅಂದರೆ ಏನು ಗೊತ್ತಾ? ಗ್ರಂಧಿಗೆ ಅಂಗಡೀಲಿ ಸಿಗೋ ಅಳಲೆಕಾಯಿ ಪುಡಿ ಮತ್ತೆ ಅನ್ನಭೇದಿ, ಅಂದರೆ ಒಂಥರಾ ಕಬ್ಬಿಣದ ಉಪ್ಪು. ಅಂಗಿಯನ್ನ ಮೊದಲು ಸೋಡಾ ಹಾಕಿದ ಬಿಸಿನೀರಲ್ಲಿ ಚೆನ್ನಾಗಿ ಒಗೆದು, ಅಳಲೆಕಾಯಿ ನೀರಲ್ಲಿ ರಾತ್ರಿಯೆಲ್ಲ ನೆನೆಸಿ ಒಣಗಿಸಿದೆ. ಕಂಕುಳ ಹತ್ತಿರದ ಹಳದಿ ಕಲೆ ಹೋಗಿರಲಿಲ್ಲ. ಆಮೇಲೆ ಒಂದು ಬಕೆಟ್ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಅನ್ನಭೇದಿ ಕದಡಿ ಅಂಗಿ ಮುಳುಗಿಸಿದೆ. ಕಣ್ಣೆದುರೇ ಬೂದಿಯ ಬಣ್ಣ ಏರಿತು ಕಣೋ, ಮಳೆಗೆ ಮುಂಚೆ ಮೋಡ ಕವಿಯುತ್ತಲ್ಲ ಹಾಗೆ. ಕಾಯಿಯ ಒಗರು ಕಬ್ಬಿಣಕ್ಕೆ ಸೇರಿದಾಗ ಆಗೋ ಕೆಲಸ ಅದು. ಕಲೆ ಆ ಬಣ್ಣದೊಳಗೇ ಮುಚ್ಚಿಹೋಯ್ತು. ಅನ್ನಭೇದಿ ಜಾಸ್ತಿ ಹಾಕಬೇಡ, ನೂಲು ಜೀರ್ಣವಾಗುತ್ತೆ. ಅಡುಗೆ ಪಾತ್ರೆಯಲ್ಲಂತೂ ಮಾಡಲೇಬೇಡ. ಇದು ಹತ್ತಿಗೆ ಚೆನ್ನಾಗಿ ಹಿಡಿಯುತ್ತೆ, ಪಾಲಿಯೆಸ್ಟರ್‌ಗೆ ಹಿಡಿಯಲ್ಲ. ಹತ್ತಿಯೋ ಅಲ್ಲವೋ ಅನುಮಾನ ಬಂದರೆ ಒಳಹೊಲಿಗೆಯಿಂದ ಒಂದು ಎಳೆ ಕಿತ್ತು ಸುಟ್ಟು ನೋಡು. ಹತ್ತಿ ಕಾಗದದ ಹಾಗೆ ಉರಿದು ಮೆತ್ತನೆ ಬೂದಿಯಾಗುತ್ತೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ.

ಆರಿಸುವಾಗ ಭುಜ ನೋಡು, ಬೇರೆ ಏನೂ ನೋಡಬೇಡ. ಭುಜದ ಹೊಲಿಗೆ ನಿನ್ನ ಭುಜದ ಮೂಳೆ ಮೇಲೆ ಕೂತರೆ ಮಿಕ್ಕಿದ್ದೆಲ್ಲ ಸರಿಮಾಡಬಹುದು. ಪಕ್ಕ ಒಳಕ್ಕೆ ತಗೋಬಹುದು, ಉದ್ದ ಕತ್ತರಿಸಬಹುದು, ಸವೆದ ಕಾಲರ್ ಬಿಚ್ಚಿ ತಿರುಗಿಸಿ ಹೊಲಿಯಬಹುದು. ನಮ್ಮಪ್ಪ ಪ್ರತಿ ಅಂಗಿಗೂ ಹಾಗೆ ಮಾಡಿಸ್ತಿದ್ದರು, ಕಾಲರ್‌ನ ಒಳಮಗ್ಗುಲು ಹೊಚ್ಚ ಹೊಸದಾಗಿರುತ್ತೆ. ಪ್ಯಾಂಟಾದರೆ ಹಿಂದಿನ ನಡುಹೊಲಿಗೆ ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ ಅಂತ ನೋಡು. ಟೈಲರ್ ಹೊಲಿದದ್ದರಲ್ಲಿ ಧಾರಾಳವಾಗಿ ಬಿಟ್ಟಿರ್ತಾರೆ, ರೆಡಿಮೇಡಲ್ಲಿ ಸಾಮಾನ್ಯವಾಗಿ ಅಷ್ಟು ಇರಲ್ಲ. ಮತ್ತೆ ಗುಂಡಿ ಬದಲಿಸು. ಪ್ಲಾಸ್ಟಿಕ್ ಗುಂಡಿ ತೆಗೆದು ತೆಂಗಿನಚಿಪ್ಪಿನದು ಹಾಕಿದರೆ ಅಂಗಿಯ ಜಾತಕವೇ ಬದಲಾಗುತ್ತೆ.

ಇನ್ನು ಅಂಗಿಯ ಮೇಲಿದ್ದ ಆ ತೋಳಿಲ್ಲದ ಉಣ್ಣೆ ಕೋಟು. ಎಲ್ಲರೂ ಹೊಗಳಿದ್ದು ಅದನ್ನೇ, ನೀನೂ ಕೂಡ. ಮೇಲಿನ ಲೆಕ್ಕದಲ್ಲಿ ಅದು ಇಲ್ಲ, ಗಮನಿಸಿದ್ಯಾ? ಬೇಕಂತಲೇ ಬಿಟ್ಟೆ. ಅದಕ್ಕೆ 200 ಕೊಟ್ಟೆ, ಅಲ್ಲಿಗೆ ಐನೂರು ದಾಟಿತು. ಆದರೆ ಬಿಟ್ಟಿದ್ದು ಆ ಕಾರಣಕ್ಕಲ್ಲ.

ಅವತ್ತು ಬೆಳಗ್ಗೆ ಏಳಕ್ಕೇ ಹೋಗಿದ್ದೆ. ಒಳ್ಳೇ ಮಾಲು ಬೇಕಂದರೆ ಬೇಗ ಹೋಗಬೇಕು ಅಂತ ಎಲ್ಲರಿಗೂ ಹೇಳ್ತಿದ್ದವನೂ ನಾನೇ. ಆ ಕೋಟು ಆಗಲೇ ಒಬ್ಬರ ಕೈಲಿತ್ತು. ಐವತ್ತು ದಾಟಿದವರು, ತಲೆಗೆ ಟವೆಲ್ ಸುತ್ತಿದ್ದರು. ಮಾರೋನು 150 ಅಂತಿದ್ದ, ಇವರು 100ಕ್ಕೆ ಕೇಳ್ತಿದ್ದರು. ಕೋಟು ಹಾಕ್ಕೊಂಡು ತೋಳನ್ನ ಎಳೆದೆಳೆದು ಮಣಿಕಟ್ಟಿನವರೆಗೆ ಬರುತ್ತಾ ಅಂತ ನೋಡ್ಕೊಳ್ತಿದ್ದರು. "ನೈಟ್ ಡ್ಯೂಟಿ ಕಣಣ್ಣ, ಸೈಟಲ್ಲಿ ಗಾಳಿ ಜಾಸ್ತಿ, ಒಂದು ಇಪ್ಪತ್ತು ಬಿಟ್ಕೊಡು" ಅಂದರು. ನಾನು ಪಕ್ಕದಲ್ಲಿ ನಿಂತು ಆ ಬಟ್ಟೆಯ ನೇಯ್ಗೆ ನೋಡ್ತಿದ್ದೆ. ಮೀನಿನ ಎಲುಬಿನ ಹಾಗೆ ಓರೆ ಗೆರೆ, ಕಂದು ಮತ್ತು ಕಪ್ಪು. ನನ್ನ ಬೂದು ಅಂಗಿ ನೆನಪಾಯ್ತು. 200 ಕೊಡ್ತೀನಿ ಅಂದೆ. ಚೌಕಾಸಿಯನ್ನೇ ಮಾಡಲಿಲ್ಲ.

ಅವರು ನನ್ನ ಮುಖ ನೋಡಿದರು. ಕೋಟು ಬಿಚ್ಚಿದರು, ಮಡಚಿದರು, ನನ್ನ ಕೈಗೇ ಕೊಟ್ಟು "ತಗೊಳ್ಳಿ ಸಾರ್" ಅಂದರು. ಸಿಟ್ಟಿರಲಿಲ್ಲ. ಸಿಟ್ಟು ಮಾಡ್ಕೊಂಡಿದ್ದರೆ ನಾನು ಇಷ್ಟು ಹೊತ್ತಿಗೆ ಮರೆತಿರ್ತಿದ್ದೆ.

ಮನೆಗೆ ಬಂದು ಒಂದು ಬ್ಲೇಡು ತಗೊಂಡು ಆ ತೋಳೆರಡನ್ನೂ ಬಿಚ್ಚಿ ತೆಗೆದೆ, ಗುಂಡ. ಅವರು ಎಳೆದೆಳೆದು ಅಳೆದುಕೊಂಡಿದ್ದ ತೋಳನ್ನೇ. ಕಂಕುಳು ಒಂದೂವರೆ ಇಂಚು ಆಳ ಮಾಡಿದೆ, ಉದ್ದ ನಾಲ್ಕಿಂಚು ಕಡಿಮೆ ಮಾಡಿದೆ, ಫೋಟೋ ಹಾಕಿದೆ. ನೀವೆಲ್ಲ ಭೇಷ್ ಅಂದಿರಿ.

ಕೋಟಿನ ಕತ್ತಿನ ಹತ್ತಿರ ಹೊರದೇಶದ ಲೇಬಲ್ ಇತ್ತು. ಹೊರಗಿನ ಹಳೇ ಬಟ್ಟೆಯನ್ನ ಹಾಗೇ ತರಿಸಿ ಇಲ್ಲಿ ಮಾರೋಕೆ ಲೈಸೆನ್ಸ್ ಬೇಕು. ಗುಜರಾತಿನ ಕಾಂಡ್ಲಾದಲ್ಲಿ ಬೇಲುಗಟ್ಟಲೆ ಇಳಿಸಿ ವಿಂಗಡಿಸ್ತಾರೆ. ಉಣ್ಣೆ ಕೋಟುಗಳ ದೊಡ್ಡ ಪಾಲು ಹರಿಯಾಣದ ಪಾಣಿಪತ್‌ಗೆ ಹೋಗುತ್ತೆ. ಅಲ್ಲಿ ಗುಂಡಿ, ಜಿಪ್ಪು, ಲೈನಿಂಗ್ ಕಿತ್ತು, ಬಣ್ಣಬಣ್ಣವಾಗಿ ಬೇರೆ ಮಾಡಿ, ಮಿಷನ್ನಲ್ಲಿ ಚಿಂದಿ ಮಾಡಿ ಮತ್ತೆ ನೂಲು ತೆಗೀತಾರೆ. ಮೊದಲೇ ಬಣ್ಣದ ಪ್ರಕಾರ ಬೇರೆ ಮಾಡಿರೋದರಿಂದ ಹೊಸದಾಗಿ ಬಣ್ಣ ಹಾಕೋದು ಬೇಡ. ಆ ನೂಲಿಂದ ಅಗ್ಗದ ಕಂಬಳಿ ನೇಯ್ತಾರೆ, ನೆರೆ ಭೂಕಂಪ ಬಂದ ಕಡೆ ಅಂಥ ಕಂಬಳಿಗಳನ್ನ ಹಂಚೋದುಂಟು. ಯೋಚನೆ ಮಾಡು. ಈ ಕೋಟು ಚಿಂದಿಯಾಗಿ ಹೋಗಿದ್ದರೂ ಯಾರನ್ನೋ ಬೆಚ್ಚಗಿಡ್ತಿತ್ತು. ಇಡಿಯಾಗಿ ಉಳಿದಿದ್ದರೂ ಒಬ್ಬರನ್ನ ಬೆಚ್ಚಗಿಡ್ತಿತ್ತು. ನನ್ನ ಕೈಗೆ ಬಂದ ಮೇಲೆ ಮಾತ್ರ ಅದು ಯಾರ ಚಳಿಗೂ ಆಗಲಿಲ್ಲ.

ಹಳೇ ಬಟ್ಟೆ ಕೊಂಡರೆ ಯಾರಿಗೂ ನಷ್ಟವಿಲ್ಲ, ಕಸಕ್ಕೆ ಹೋಗೋದನ್ನ ಉಳಿಸ್ತಿದ್ದೀವಿ ಅಂತ ನಾನು ಎರಡು ವರ್ಷದಿಂದ ಬರೀತಿದ್ದೀನಿ. ನಂಬಿಯೇ ಬರೆದೆ. ಆದರೆ ಆ ರಾಶಿ ಕಸವಲ್ಲ ಕಣೋ. ತುಂಬಾ ಜನಕ್ಕೆ ಅದೇ ಬಟ್ಟೆ ಅಂಗಡಿ, ಅದೊಂದೇ ಅಂಗಡಿ. ನನಗೆ ಬೇರೆ ಹತ್ತು ಬಾಗಿಲು ತೆರೆದಿವೆ. ನಾನು 50 ರೂಪಾಯಿ ಜಾಸ್ತಿ ಕೊಟ್ಟಿದ್ದಕ್ಕೆ ಮುಂದಿನ ವಾರ ಮಾರೋನು ಅದೇ ಥರದ ಕೋಟಿಗೆ 250 ಹೇಳಿದ.

ಇಷ್ಟೆಲ್ಲ ಬರೆಯೋ ಯೋಚನೆ ಇರಲಿಲ್ಲ. ಶುರು ಮಾಡಿದ್ದು ನಿನ್ನ ಮದುವೆ ಬಟ್ಟೆಗೆ... ಅಂದರೆ ನಿನ್ನ ತಂಗಿ ಮದುವೆ ಬಟ್ಟೆಗೆ. ಆದರೂ ಅರ್ಧ ಹೇಳಿ ನಿಲ್ಲಿಸೋಕಾಗಲ್ಲ.

ತೋಳುಗಳನ್ನ ಎಸೆದಿರಲಿಲ್ಲ. ಹೋದ ತಿಂಗಳು ಮತ್ತೆ ಜೋಡಿಸೋಕೆ ಕೂತೆ. ಕಂಕುಳು ಆಳ ಮಾಡಿದ್ದರಿಂದ ತೋಳಿನ ಸುತ್ತಳತೆ ಸಾಲಲಿಲ್ಲ. ಕೆಳಗೆ ಕತ್ತರಿಸಿದ್ದ ನಾಲ್ಕಿಂಚಿನ ಪಟ್ಟಿ ಇತ್ತಲ್ಲ, ಅದರಿಂದ ವಜ್ರದ ಆಕಾರದ ಎರಡು ತುಂಡು ತೆಗೆದು ಕಂಕುಳಿಗೆ ಕೊಟ್ಟೆ. 14 ನಂಬರ್ ಸೂಜಿ ಎರಡು ಮುರಿದವು, ಆಮೇಲೆ 16 ಹಾಕಿದೆ. ಮಿಷನ್ನು ಹೋಗದ ಕಡೆ ಕೈಯಲ್ಲಿ ಹೊಲಿದೆ. ಲೈನಿಂಗ್ ಎಸೆದುಬಿಟ್ಟಿದ್ದೆ, ಅಮ್ಮನ ಹಳೇ ಹತ್ತಿ ಸೀರೆ ಕೊಟ್ಟೆ. ಉದ್ದ ಮಾತ್ರ ವಾಪಸ್ ಬರಲಿಲ್ಲ, ಸೊಂಟದ ಹತ್ತಿರವೇ ನಿಲ್ಲುತ್ತೆ. ಜೋಡಿಸಿದ ಗೆರೆ ಕಾಣುತ್ತೆ. ಆದರೆ ತೋಳು ಮಣಿಕಟ್ಟಿನವರೆಗೆ ಬರುತ್ತೆ. ಹಾಕ್ಕೊಂಡು, ಎಳೆದು ನೋಡಿದೆ.

ಮೂರು ಭಾನುವಾರದಿಂದ ಚೀಲದಲ್ಲಿಟ್ಟುಕೊಂಡು ಹೋಗ್ತಿದ್ದೀನಿ. ಅವರು ಸಿಕ್ಕಿಲ್ಲ. ಸಿಕ್ಕರೆ ಏನಂತ ಕೊಡೋದು ಅಂತಲೂ ಗೊತ್ತಿಲ್ಲ, ಮೊದಲ ವಾಕ್ಯ ಬಾಯಿಗೇ ಬರ್ತಿಲ್ಲ. ಈಗ ನಾನು ಹೋಗೋದು ಹನ್ನೊಂದರ ಮೇಲೆ. ಬೇಕಾದವರೆಲ್ಲ ಬೇಕಾದ್ದು ತಗೊಂಡು ಹೋಗಿರ್ತಾರೆ. ಸ್ವೆಟರು, ಜರ್ಕಿನ್ನು, ಗಟ್ಟಿ ಬೂಟು, ಶಾಲೆ ಯೂನಿಫಾರ್ಮು ಮುಟ್ಟಲ್ಲ. ಉಳಿದಿರೋದು ಕಲೆಯಾದದ್ದು, ಭಾರೀ ದೊಗಳೆಯದು, ಯಾರೂ ಹಾಕಲಾರದ ಬಣ್ಣದ್ದು. ನಿಜ ಹೇಳ್ತೀನಿ, ಕೈಗೆ ಕೆಲಸ ಕೊಡೋದು ಅವೇ. ಹೋದ ವಾರ 40 ರೂಪಾಯಿಗೆ ಪರದೆಯಷ್ಟು ಅಗಲದ ಒಂದು ಜುಬ್ಬ ಸಿಕ್ಕಿದೆ, ಕೆನೆಬಣ್ಣ, ಎದೆ ಮೇಲೆ ಮಸಿ ಕಲೆ. ಮಸಿ ಇರೋ ಕಡೆ ಜೇಬು ಬರುತ್ತೆ, ಉಳಿದ ಬಟ್ಟೇಲಿ ನಿನಗೆ ನಿಲುವು ಕಾಲರಿನ ಮೊಣಕಾಲುದ್ದದ ಜುಬ್ಬ ಆಗುತ್ತೆ. ಅಂಚಿಗೆ ನಮ್ಮಮ್ಮನ ಹತ್ತಿರ ಇಳಕಲ್ ಸೀರೆಯ ಕೆಂಪು ದಡಿ ಒಂದು ತುಂಡಿದೆ, ಕೇಳಿದ್ದೀನಿ, ಕೊಡ್ತೀನಿ ಅಂದಿದ್ದಾರೆ. ತಂಗಿಗೆ ಮಾತ್ರ ಈಗಲೇ ಹೇಳಬೇಡ.

ಭುಜ, ಎದೆ, ತೋಳುದ್ದ, ಮೊಣಕಾಲಿನವರೆಗಿನ ಉದ್ದ, ನಾಲ್ಕೂ ಅಳತೆ ಈ ಶುಕ್ರವಾರದೊಳಗೆ ಕಳಿಸು. ನಿಮ್ಮಮ್ಮನ ಕೈಲಿ ಅಳೆಸು, ನೀನೇ ಅಳ್ಕೋಬೇಡ. ಎದೆ ಅಳೆಯುವಾಗ ಉಸಿರು ಬಿಟ್ಟಿರು.

ನಿನ್ನ,
ನಂಬರ್ 14 ಸೂಜಿ